ಗೆರೆ ಅಳಿದ ಹೆಬ್ಬೆರಳು

ನನ್ನ ಕೆಲಸ ಏನೆಂದು ಬಸ್ಸಿನವರಿಗೆ ವಿವರಿಸಲು ಹೋಗಿ ನಾನು ಎಷ್ಟೋ ಸಲ ಸೋತಿದ್ದೇನೆ. ಕುಕ್ಕುಂದೂರಿನಲ್ಲಿ ಹತ್ತಿ ಮಣಿಪಾಲದಲ್ಲಿ ಇಳಿಯುವ ನನ್ನನ್ನು ಬೆಳಗಿನ ಬಸ್ಸಿನ ಕಂಡಕ್ಟರು, ಕ್ರೈಸ್ತ ಹೆಂಗಸರನ್ನು ಕರೆಯುವ ನಮ್ಮ ಕಡೆಯ ರೂಢಿಯಂತೆ 'ಬಾಯಿ' ಎಂದು ಕರೆದು ಒಮ್ಮೆ ಕೇಳಿದರು: "ಬಾಯಿ, ಇಷ್ಟು ವರ್ಷದಿಂದ ಹೋಗ್ತೀರಲ್ಲ, ನಿಮ್ಮದು ಎಂತ ಕೆಲಸ?"

"ಒಂದು ಪತ್ರಿಕೆಯ ಆಫೀಸಿನಲ್ಲಿ ದೂರು ನೋಡುವುದು" ಎಂದೆ.

"ಹಾಗಾದರೆ ನಮ್ಮ ಬೀದಿಯ ಕರೆಂಟಿನದ್ದೂ ಒಮ್ಮೆ ನೋಡಿ. ಹೇಳಿ ಹೇಳಿ ಸಾಕಾಯ್ತು."

ಬಸ್ಸಿಡೀ ನಕ್ಕಿತು. ನಾನೂ ನಕ್ಕೆ. ಆಮೇಲೆ ಯಾರು ಕೇಳಿದರೂ "ಪ್ರೆಸ್ಸಿನಲ್ಲಿ" ಎಂದಷ್ಟೇ ಹೇಳುತ್ತಿದ್ದೆ.

ನಿವೃತ್ತಳಾಗಿ ಎರಡು ವರ್ಷವಾಯಿತು. ನಾನೊಬ್ಬಳೇ ಕೂರುತ್ತಿದ್ದಲ್ಲಿ ಈಗ ಮೂವರಿದ್ದಾರಂತೆ. ಅವರಿಗಾಗಿ ಏನಾದರೂ ಬರೆದುಕೊಡಿ ಎಂದು ಆಫೀಸಿನವರು ಕೇಳಿದ್ದಾರೆ. ನಿಯಮಗಳೆಲ್ಲ ಕೈಪಿಡಿಯಲ್ಲಿವೆ, ಅವನ್ನು ನಾನು ಮತ್ತೆ ಬರೆಯುವುದಿಲ್ಲ. ಆ ಮೇಜಿನ ಹಿಂದೆ ಕೂತು ನಾನು ಬೆರಗಾದದ್ದೆಷ್ಟು, ತಪ್ಪಿದ್ದೆಷ್ಟು ಎಂಬುದನ್ನು ಮಾತ್ರ ಬರೆಯುತ್ತೇನೆ.

ನಮ್ಮದು ವೈದ್ಯರ ಸಣ್ಣ ಸಂಘವೊಂದು ಹೊರಡಿಸುವ ಪತ್ರಿಕೆ. ವೈದ್ಯರು ತಾವು ಕಂಡ ಅಪರೂಪದ ಕಾಯಿಲೆ, ಮಾಡಿದ ಸಂಶೋಧನೆ ಇವನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತಾರೆ. ಬೇರೆ ತಜ್ಞರು ಓದಿ ಒಪ್ಪಿದರೆ ಅಚ್ಚಾಗುತ್ತದೆ. ಅಚ್ಚಾದ ಮೇಲೆ, ಇದು ಕದ್ದದ್ದು, ಇದರಲ್ಲಿರುವ ಅಂಕಿಅಂಶ ಕಟ್ಟಿದ್ದು, ಕೆಲಸವನ್ನೇ ಮಾಡದವರ ಹೆಸರು ಇದರಲ್ಲಿದೆ ಎಂದು ಯಾರಾದರೂ ದೂರಿದರೆ ಅದನ್ನು ವಿಚಾರಿಸಿ ಸಂಪಾದಕರ ಮುಂದಿಡುವವಳು ನಾನು.

ಆ ಕೆಲಸಕ್ಕೆ ನಾನು ಬಂದದ್ದು ನನ್ನದೇ ಒಂದು ತಪ್ಪಿನಿಂದ. ಸೇರುವಾಗ ನಾನು ಕರಡು ತಿದ್ದುವವಳು. ಬಿಎ ಓದಿದ ಹುಡುಗಿ. ಔಷಧಿಗಳ ಹೆಸರು ಬಾಯಿಗೆ ಬರುತ್ತಿರಲಿಲ್ಲ, ಆದರೆ ಕಣ್ಣು ಚುರುಕಿತ್ತು. ಒಂದು ಲೇಖನದಲ್ಲಿ 'ಪೇಶೆಂಟ್' ಎಂದಿರಬೇಕಾದಲ್ಲಿ ಇಂಗ್ಲಿಷಿನ 'ಐ' ಅಕ್ಷರ ಬಿದ್ದುಹೋಗಿ 'ಪೇಟೆಂಟ್' ಆಗಿತ್ತು. ನನ್ನ ಕಣ್ಣು ತಪ್ಪಿ ಅದು ಹಾಗೇ ಅಚ್ಚಾಯಿತು. ಪ್ರಧಾನ ಸಂಪಾದಕರಾದ ಡಾ. ಆಚಾರ್ಯರು ಕರೆದು ಆ ಪುಟ ತೋರಿಸಿ, "ಐರಿನ್, ಈ ಪೇಟೆಂಟಿಗೆ ಜ್ವರ ಎಷ್ಟು ಉಂಟು ನೋಡು" ಎಂದರು. ಆ ಅವಮಾನ ಮರೆಯುವಂಥದ್ದಲ್ಲ.

ಕೆಲವು ತಿಂಗಳ ಮೇಲೆ ಬೇರೆ ಊರಿನ, ಬೇರೆ ವೈದ್ಯರ ಲೇಖನದ ಕರಡು ನನ್ನ ಕೈಗೆ ಬಂತು. ಮೂರನೆಯ ಪುಟದಲ್ಲಿ ಅದೇ 'ಪೇಟೆಂಟ್' ಕೂತಿತ್ತು. ಅದರ ಹಿಂದಿನ ವಾಕ್ಯ, ಮುಂದಿನ ವಾಕ್ಯ, ಇಡೀ ಪುಟವೇ ನನಗೆ ಬಾಯಿಪಾಠ. ಕದ್ದವರು ನನ್ನ ತಪ್ಪನ್ನೂ ಕದ್ದಿದ್ದರು. ಎರಡೂ ಪುಟಗಳನ್ನು ಆಚಾರ್ಯರ ಮುಂದಿಟ್ಟೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ನೋಡಿ, "ನೀನು ಅಂದು ಸರಿಯಾಗಿ ತಿದ್ದಿದ್ದರೆ ಇದು ಇವತ್ತು ಸಿಗುತ್ತಿರಲಿಲ್ಲ ಅಲ್ವಾ?" ಎಂದರು. ಮಾರನೆಯ ದಿನದಿಂದ ದೂರಿನ ಕಡತಗಳು ನನ್ನ ಮೇಜಿಗೆ ಬರತೊಡಗಿದವು.

ಆಚಾರ್ಯರ ಬಗ್ಗೆ ಇಷ್ಟು ಹೇಳಬೇಕು. ಅವರು ಜೀವಮಾನವಿಡೀ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕೂತವರು. ಆಗ ಈಗಿನಂತೆ ತಂತ್ರಾಂಶಗಳಿರಲಿಲ್ಲ. ಒಂದೇ ಚಿತ್ರವನ್ನು ಎರಡು ಕಡೆ ಬಳಸಿದ್ದಾರೆಂಬ ಸಂಶಯ ಬಂದರೆ ಎರಡೂ ಪ್ರತಿಗಳನ್ನು ಒಂದರ ಮೇಲೊಂದಿಟ್ಟು ಆಫೀಸಿನ ಕಿಟಕಿ ಗಾಜಿಗೆ ಒತ್ತಿ ಹಿಡಿದು ನೋಡುತ್ತಿದ್ದೆವು. ಒಮ್ಮೆ ನನಗೆ ಎರಡು ಬೇರೆ ಬೇರೆ ಚಿತ್ರಗಳೆಂದೇ ಕಂಡದ್ದನ್ನು ಅವರು ತಲೆಕೆಳಗು ಮಾಡಿ, ಪಕ್ಕಕ್ಕೆ ತಿರುಗಿಸಿ, "ಒಂದೇ ಕೋಣೆ. ಇವನು ಹಿಂಬಾಗಿಲಿನಿಂದ ನಮ್ಮನ್ನು ಒಳಗೆ ಕರೆದಿದ್ದಾನೆ ಅಷ್ಟೇ" ಎಂದರು. ನೋಡಿದರೆ ಹೌದು, ಜೀವಕೋಶಗಳು ಒಂದೊಂದೂ ಅದೇ ಜಾಗದಲ್ಲಿ. ಆಮೇಲೆ ಲೇಖಕರ ಹೆಸರು ಓದಿದರು. ಅವರದ್ದೇ ಹಳೆಯ ಶಿಷ್ಯ. ಚಿತ್ರಗಳನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ನಿಂತರು. "ಈ ಕಡತದಲ್ಲಿ ನಾನಿಲ್ಲ. ಸಂಘದವರು ಬೇರೆಯವರನ್ನು ನೇಮಿಸಲಿ. ನನಗೆ ಏನೂ ಹೇಳಬೇಡ, ನಾನು ಕೇಳಿದರೂ ಹೇಳಬೇಡ." ಅವರು ಕೇಳಲೂ ಇಲ್ಲ. ಆ ಪ್ರಕರಣ ಮುಗಿಯುವವರೆಗೆ ನನ್ನ ಮೇಜಿನ ಪಕ್ಕದಲ್ಲಿ ಹಾಯುವಾಗ ಮುಖ ಆಚೆ ತಿರುಗಿಸಿಯೇ ನಡೆದರು.

ಇನ್ನು ನಾನು ಮಾಡಿದ ದೊಡ್ಡ ಪ್ರಮಾದ. ಹೆಸರಿಲ್ಲದ ಒಂದು ಪತ್ರ ಬಂತು: ಉಡುಪಿಯ ಒಬ್ಬ ಅಧ್ಯಾಪಕರ ಲೇಖನ ಪೂರ್ತಿ ನಕಲು ಎಂದು. ಜೊತೆಗೆ ಹನ್ನೆರಡು ಪುಟದ ಹೋಲಿಕೆ. ಕೆಂಪು ಶಾಯಿಯ ಗೆರೆಗಳನ್ನು ನೋಡಿಯೇ ನನಗೆ ಆವೇಶ ಬಂದುಬಿಟ್ಟಿತು. ಆಚಾರ್ಯರು ಊರಲ್ಲಿರಲಿಲ್ಲ. ನಾನು ವಿವರಣೆ ಕೇಳಿ ಅಧ್ಯಾಪಕರಿಗೆ ಪತ್ರ ಬರೆದೆ, ಅದರ ಒಂದು ಪ್ರತಿಯನ್ನು ಅವರ ಕಾಲೇಜಿನ ಮುಖ್ಯಸ್ಥರಿಗೂ ಕಳಿಸಿದೆ.

ಮೂರನೆಯ ದಿನ ಅವರೇ ಬಂದರು. ಒಂದು ದಪ್ಪ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು "ಓದಿ" ಎಂದರು. ಅದು ಅವರ ಸ್ವಂತ ಪಿಎಚ್‌ಡಿ ಪ್ರಬಂಧ. ಹನ್ನೆರಡು ಪುಟಗಳೂ ಅದರಿಂದಲೇ ಬಂದದ್ದು. ಲೇಖನದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅವರು ಹಾಗೆಂದು ಬರೆದೂ ಇದ್ದರು. ಮುಂದಿನ ವಾರ ಅವರಿಗೆ ಬಡ್ತಿಯ ಸಂದರ್ಶನವಿತ್ತು. ನನ್ನ ಪತ್ರದ ಪ್ರತಿ ಕಾಲೇಜಿನಲ್ಲಿ ಕೈಯಿಂದ ಕೈಗೆ ಹೋಗಿ, ಅವರನ್ನು ಅದಕ್ಕೆ ಕರೆಯಲೇ ಇಲ್ಲ. ನಾನು ಕ್ಷಮೆ ಕೇಳಿ ಬರೆದೆ, ಅದರ ಪ್ರತಿಯನ್ನೂ ಮುಖ್ಯಸ್ಥರಿಗೆ ಕಳಿಸಿದೆ. ಆದರೆ ಎರಡನೆಯ ಪತ್ರವನ್ನು ಯಾರೂ ಕೈಯಿಂದ ಕೈಗೆ ದಾಟಿಸುವುದಿಲ್ಲ. ಅವರು ಮತ್ತೆ ನಮಗೆ ಒಂದು ಲೇಖನವನ್ನೂ ಕಳಿಸಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಮಾತ್ರ ಈಗಲೂ ತಲೆಬಾಗಿಸುತ್ತಾರೆ. ಅವರ ಆ ಸೌಜನ್ಯ ನೋಡುವಾಗ ನನಗೆ ಇಂದಿಗೂ ನೆಲ ನೋಡುವಂತಾಗುತ್ತದೆ. ಆದ್ದರಿಂದ ಹೊಸಬರಿಗೆ ಹೇಳುವುದು: ಮೊದಲು ಲೇಖಕರನ್ನೇ ಕೇಳಿ. ಒಬ್ಬರನ್ನೇ, ಸಣ್ಣ ದನಿಯಲ್ಲಿ.

ಈಗ ಹೋಲಿಕೆ ಶೇಕಡಾ ಎಷ್ಟೆಂದು ತಂತ್ರಾಂಶವೇ ಹೇಳುತ್ತದೆ. ಅಂಕಿ ಏರಿದಷ್ಟೂ ಕಾಯಿಲೆ ಹೆಚ್ಚು ಎಂದು ಅದನ್ನು ಜ್ವರದ ಹಾಗೆ ನೋಡಬೇಡಿ. ನೂರಕ್ಕೆ ನಲವತ್ತು ಹೋಲಿಕೆ ಇದ್ದೂ ಪ್ರಾಮಾಣಿಕವಾದ ಲೇಖನ ನೋಡಿದ್ದೇನೆ. ನೂರಕ್ಕೆ ಎರಡು ಇದ್ದೂ ಒಂದು ಮಾತೂ ನಿಜವಲ್ಲದ್ದನ್ನು ನೋಡಿದ್ದೇನೆ. ನಾನು ಬಿಡುವ ಹೊತ್ತಿಗೆ ಯಂತ್ರವೇ ಬರೆದ ಲೇಖನಗಳು ಬರತೊಡಗಿದ್ದವು. ಎಲ್ಲೂ ಎಡವದ ಭಾಷೆ. ಕೊನೆಯಲ್ಲಿ ಕೊಟ್ಟ ಆಧಾರಗ್ರಂಥಗಳನ್ನು ಹುಡುಕಿದರೆ ಅವು ಹುಟ್ಟಿಯೇ ಇಲ್ಲ. ವಿಧಾನ ಬದಲಾಗುತ್ತಾ ಹೋಗುತ್ತದೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ ಪ್ರಕರಣದಲ್ಲಿ ಮಾತ್ರ ಯಾವ ಯಂತ್ರವೂ ಇರಲಿಲ್ಲ. ಅದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಒಂದು ದಿನ ಕಾಪುವಿನಿಂದ ರಿಜಿಸ್ಟರ್ಡ್ ಪತ್ರ ಬಂತು. ಕನ್ನಡದಲ್ಲಿತ್ತು. ಅಷ್ಟು ವರ್ಷಗಳಲ್ಲಿ ನನಗೆ ಕನ್ನಡದಲ್ಲಿ ಬಂದ ಮೊದಲ ದೂರು ಅದು. ಬರೆದವರು ಶಶಿಕಲಾ, ಹೊಲಿಗೆ ತರಗತಿ ನಡೆಸುವವರು. ಅವರ ತಾಯಿ ಗಿರಿಜಾ ಬೀಡಿ ಕಟ್ಟುತ್ತಿದ್ದವರು, ತೀರಿಕೊಂಡು ವರ್ಷವಾಗಿತ್ತು. ಅಂಗೈ ಬೆರಳುಗಳ ಚರ್ಮ ಮರದ ತೊಗಟೆಯ ಹಾಗೆ ದಪ್ಪವಾಗುವ ಅಪರೂಪದ ಕಾಯಿಲೆ ಆಕೆಗಿತ್ತು. ಬೇರೆ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದರು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಶಶಿಕಲಾ ಅವರ ಅಕ್ಕನ ಮಗಳು ನರ್ಸಿಂಗ್ ಓದುತ್ತಿದ್ದಳು. ತರಗತಿಯಲ್ಲಿ ಪಾಠ ಮಾಡುವವರು ಪರದೆಯ ಮೇಲೆ ಒಂದು ಚಿತ್ರ ಹಾಕಿದರು. ಎರಡು ಕೈಗಳು. ಎಡ ಮುಂಗೈಯ ಮೇಲೆ ಹಚ್ಚೆ. ಮುಂದಿನ ಚಿತ್ರದಲ್ಲಿ ಕಣ್ಣಿಗೆ ಕಪ್ಪು ಪಟ್ಟಿ ಬಳಿದ ಒಂದು ಮುಖ. ಹುಡುಗಿ ಅಜ್ಜಿಯನ್ನು ಗುರುತಿಸಿದಳು. ಚಿತ್ರದ ಕೆಳಗೆ ನಮ್ಮ ಪತ್ರಿಕೆಯ ಹೆಸರಿತ್ತು.

ಶಶಿಕಲಾ ಬರೆದಿದ್ದರು: "ಫೋಟೋ ಹಾಕುವಾಗ ಅಮ್ಮನನ್ನು ಕೇಳಿದಿರಾ? ನಮ್ಮನ್ನು ಯಾರೂ ಕೇಳಲಿಲ್ಲ. ಲೇಖನದಲ್ಲಿ ಅವರನ್ನು ಅನಕ್ಷರಸ್ಥ ಮಹಿಳೆ ಎಂದು ಬರೆದಿದ್ದೀರಂತೆ. ಅದು ಸುಳ್ಳು."

ಅಚ್ಚಿಗೆ ಮೊದಲು ಮೇಲ್‌ನಲ್ಲಿ ಬಂದ ಪ್ರತಿ ಮಾತ್ರ ನಮ್ಮಲ್ಲಿತ್ತು, ಹಾಗಾಗಿ ನಾನು ಲೇಖನದ ಮುಖ್ಯ ವೈದ್ಯರಿಗೆ ಬರೆದು ರೋಗಿಯ ಒಪ್ಪಿಗೆ ಪತ್ರದ ಮೂಲವನ್ನೇ ಕೇಳಿದೆ. ಎರಡೇ ದಿನದಲ್ಲಿ ಬಂತು. ಗಿರಿಜಾ ಎಂಬ ಹೆಸರು, ಆಸ್ಪತ್ರೆಯಿಂದ ಬಿಡುಗಡೆಯಾದ ದಿನದ ತಾರೀಕು, ಕೆಳಗೆ ನೀಲಿ ಶಾಯಿಯಲ್ಲಿ ಹೆಬ್ಬೆಟ್ಟಿನ ಗುರುತು. ಬೆನ್ನಿಗೇ ಆ ವೈದ್ಯರ ಫೋನು. "ದಾಖಲೆ ಕೊಟ್ಟಾಯ್ತಲ್ಲ ಮೇಡಂ, ಇನ್ನೇನು ಬೇಕು? ಇಂಥವರೆಲ್ಲ ಆಮೇಲೆ ಹೀಗೇ ಶುರು ಮಾಡ್ತಾರೆ."

ಕೈಪಿಡಿಯ ಪ್ರಕಾರ ಕಡತ ಅಲ್ಲಿಗೆ ಮುಗಿಯಬೇಕು. "ಒಪ್ಪಿಗೆ ಪತ್ರ ಪರಿಶೀಲಿಸಲಾಗಿದೆ" ಎಂದು ನಾನು ಉತ್ತರವನ್ನೂ ಬರೆದಿಟ್ಟೆ. ಆದರೆ ಅದನ್ನು ಟಪಾಲಿಗೆ ಹಾಕಲು ಮನಸ್ಸು ಬರಲಿಲ್ಲ. ತಾಯಿ ಸತ್ತ ಮಗಳಿಗೆ ಎರಡು ಸಾಲಿನ ಪತ್ರವೇ? ಹೋಗಿ ತೋರಿಸಿ ಬರುತ್ತೇನೆ ಎಂದು ಆಚಾರ್ಯರಿಗೆ ಹೇಳಿದೆ. "ಹೋಗು, ಆದರೆ ಅವರಿಗೆ ಬುದ್ಧಿ ಹೇಳಲಿಕ್ಕೆ ಹೋಗಬೇಡ" ಎಂದರು.

ಶನಿವಾರ ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾಪುವಿಗೆ ಹೋದೆ. ಪೇಟೆಯಿಂದ ಕಡಲಿನ ಕಡೆಗೆ ಹೋಗುವ ದಾರಿಯಲ್ಲಿ ಹಂಚಿನ ಮನೆ. ಜಗಲಿಯಲ್ಲಿ ಹೊಲಿಗೆ ಯಂತ್ರಗಳು. ಶಶಿಕಲಾ ನಲವತ್ತರ ಆಸುಪಾಸಿನವರು, ಕುತ್ತಿಗೆಯಲ್ಲಿ ಅಳತೆ ಟೇಪು. ಕೂರಲು ಹೇಳಿ ನೀರು ತಂದುಕೊಟ್ಟರು. ನಾನು ಒಪ್ಪಿಗೆ ಪತ್ರವನ್ನು ಅವರ ಕೈಗೆ ಕೊಟ್ಟೆ.

ಅವರು ನೋಡಿದರು. ಮೊದಲು ನಗು ಬಂತು. ಆಮೇಲೆ ಮುಖ ಗಟ್ಟಿಯಾಯಿತು.

"ಬಾಯಿ, ಇದು ನನ್ನ ಅಮ್ಮನದ್ದಲ್ಲ."

"ಹೇಗೆ ಹೇಳ್ತೀರಿ?"

"ಅಮ್ಮ ಹೆಬ್ಬೆಟ್ಟು ಒತ್ತುವವರಲ್ಲ. ನಾನು ಮೂರನೇ ಕ್ಲಾಸಿನಲ್ಲಿರುವಾಗ ಶಾಲೆಯಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಕಲಿಸುತ್ತಿದ್ದರು. ಅಮ್ಮ ನನ್ನದೇ ಸ್ಲೇಟು ತಗೊಂಡು ಹೋಗುತ್ತಿದ್ದರು. ಕಲಿತ ಮೇಲೆ ಬೀಡಿ ಬ್ರಾಂಚಿನಲ್ಲಿ ಕೂಲಿ ಕೊಡುವಾಗ ಶಾಯಿಯ ಪ್ಯಾಡು ಮುಂದೆ ತಳ್ಳಿದರೆ ಹಿಂದೆ ತಳ್ಳಿ, 'ಪೆನ್ನು ಕೊಡಿ' ಅನ್ನುತ್ತಿದ್ದರು. ಪೇಪರು ಓದದೆ ಒಂದು ದಿನ ಬಿಟ್ಟವರಲ್ಲ."

ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಲಕೋಟೆ ತಂದರು. ಬೀಡಿ ಕಾರ್ಮಿಕರ ಗುರುತಿನ ಚೀಟಿ, ಪಿಎಫ್ ಕಾಗದ, ಎಲ್ಲದರಲ್ಲೂ ಕನ್ನಡದಲ್ಲಿ 'ಗಿರಿಜಾ' ಎಂಬ ಸಹಿ. ಕೊನೆಯಲ್ಲಿ ಆಸ್ಪತ್ರೆಯ ಬಿಡುಗಡೆ ಚೀಟಿ. ಒಪ್ಪಿಗೆ ಪತ್ರದ ತಾರೀಕೇ ಅದರಲ್ಲೂ ಇತ್ತು. ಅದರ ಕೆಳಗೂ ಸಹಿ. ಆದರೆ ಈ ಸಹಿಯ ಅಕ್ಷರಗಳು ಅರ್ಧ ಪುಟದಷ್ಟು ದೊಡ್ಡವು, ಒಂದೊಂದೂ ಒಂದೊಂದು ಕಡೆಗೆ ವಾಲಿದಂಥವು. ಮಡಚಲಾಗದ ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿಕೊಂಡು ಬರೆದದ್ದು.

"ಅಲ್ಲಿನ ನರ್ಸು ಹೆಬ್ಬೆಟ್ಟು ಸಾಕು ಅಂತ ಎಷ್ಟು ಹೇಳಿದರು ಗೊತ್ತುಂಟಾ? ಅಮ್ಮ ಕೇಳಲಿಲ್ಲ. ಆಟೋ ಹೊರಗೆ ಕಾಯ್ತಾ ಇತ್ತು. ಈ ಮೂರು ಅಕ್ಷರಕ್ಕೆ ಅಷ್ಟು ಹೊತ್ತು ಬೇಕಾಯ್ತು" ಎಂದರು ಶಶಿಕಲಾ. ಆಮೇಲೆ ನನ್ನ ಕೈಯಲ್ಲಿದ್ದ ಒಪ್ಪಿಗೆ ಪತ್ರದ ನೀಲಿ ಗುರುತನ್ನು ತೋರಿಸಿ ಇನ್ನೊಂದು ಮಾತು ಹೇಳಿದರು. "ಮತ್ತೆ, ಅಮ್ಮನ ಬೆರಳಲ್ಲಿ ಇಂಥ ಗೆರೆ ಎಲ್ಲಿತ್ತು? ರೇಷನ್ ಅಂಗಡಿಯ ಮೆಷಿನ್ ಅವರ ಬೆರಳನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಪ್ರತಿ ತಿಂಗಳು ನಾನೇ ಹೋಗಬೇಕಿತ್ತು."

ಚೀಲದಿಂದ ಲೇಖನ ತೆಗೆದು ಓದಿದೆ. ಎರಡನೆಯ ಪುಟದಲ್ಲಿ ಸ್ಪಷ್ಟವಾಗಿ ಇತ್ತು: ರೋಗಿಯ ಹತ್ತೂ ಬೆರಳುಗಳ ತುದಿಯಲ್ಲಿ ಚರ್ಮದ ಗೆರೆಗಳು ಪೂರ್ತಿ ಅಳಿದುಹೋಗಿವೆ. ಲೇಖನದ ಮಹತ್ವವೇ ಅದು. ಅಚ್ಚಿಗೆ ಮೊದಲು ಆ ವಾಕ್ಯದ ಅಲ್ಪವಿರಾಮ ಸರಿಪಡಿಸಿದವಳು ನಾನೇ. ಒಪ್ಪಿಗೆ ಪತ್ರದಲ್ಲಾದರೋ ಸುರುಳಿ ಸುರುಳಿಯಾಗಿ ಒಂದೊಂದು ಗೆರೆಯೂ ಎಣಿಸುವಷ್ಟು ನಿಚ್ಚಳವಾದ ಹೆಬ್ಬೆರಳು. ಎರಡೂ ಒಂದೇ ಕಡತದಲ್ಲಿ ಹಿಂದೆಮುಂದೆ ಇದ್ದವು. ವೈದ್ಯರು ನೋಡಲಿಲ್ಲ, ಸಂಪಾದಕರು ನೋಡಲಿಲ್ಲ, ನಾನು ನೋಡಲಿಲ್ಲ. ಹೊಲಿಗೆ ಕಲಿಸುವ ಒಬ್ಬ ಮಗಳು ಒಂದೇ ನೋಟಕ್ಕೆ ನೋಡಿದಳು.

ಶಶಿಕಲಾ ಕೊಟ್ಟುಕಳಿಸಿದ ಚೀಟಿಗಳನ್ನೂ ಸೇರಿಸಿ ಆಚಾರ್ಯರಿಗೆ ಸೋಮವಾರ ಎಲ್ಲವನ್ನೂ ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ಹೆಬ್ಬೆಟ್ಟನ್ನು ನೋಡಿದರು, ಲೇಖನದ ವಾಕ್ಯ ನೋಡಿದರು, ಕೊನೆಗೆ ಬಿಡುಗಡೆ ಚೀಟಿಯ ಸಹಿಯ ಮೇಲೆ ಕನ್ನಡಿ ಇಟ್ಟು ಒಂದೊಂದೇ ಅಕ್ಷರ ನೋಡಿದರು. "ನಲವತ್ತು ವರ್ಷ ನಾನು ರೋಗಿಗಳ ಸಹಿಯ ಮೇಲೆ ಕಣ್ಣಾಡಿಸಿ ಪುಟ ಮಗುಚಿದ್ದೇನೆ ಐರಿನ್" ಎಂದರು.

ಲೇಖನದ ಮೊದಲ ಹೆಸರು ಒಬ್ಬ ಕಿರಿಯ ವೈದ್ಯನದ್ದು. ಅವನಿಗೊಬ್ಬನಿಗೇ ಪತ್ರ ಬರೆದೆ: "ಈ ಹೆಬ್ಬೆಟ್ಟಿನ ಬಗ್ಗೆ ನಿಮ್ಮಿಂದ ಕೇಳಬೇಕೆಂದಿದ್ದೇವೆ." ಆತ ಫೋನು ಮಾಡಲಿಲ್ಲ, ನೇರ ಮಣಿಪಾಲಕ್ಕೆ ಬಂದ. ಘಟ್ಟದ ಮೇಲಿನ ಹುಡುಗ, ಶರ್ಟಿನ ತೋಳಿನ ಗುಂಡಿ ಹಾಕಿದ್ದ. ಆಚಾರ್ಯರು ಕೇಳಿದ್ದು ಒಂದೇ ಪ್ರಶ್ನೆ.

"ಯಾರ ಹೆಬ್ಬೆಟ್ಟು ಇದು?"

"ನಂದೇ ಸರ್."

ಅವನು ಹೇಳಿದ್ದು ಇಷ್ಟು. ಚಿಕಿತ್ಸೆಯ ವೇಳೆ ಫೋಟೋ ತೆಗೆದಿದ್ದರು. ಅಚ್ಚು ಮಾಡುವ ಯೋಚನೆ ಆಮೇಲೆ ಬಂತು. ಲೇಖನ ಒಪ್ಪಿತವಾದ ಮೇಲೆ, ಎರಡು ದಿನದೊಳಗೆ ರೋಗಿಯ ಒಪ್ಪಿಗೆ ಪತ್ರ ಕಳಿಸದಿದ್ದರೆ ಈ ಸಂಚಿಕೆಯಿಂದ ಕೈಬಿಡುತ್ತೇವೆ ಎಂದು ನಮ್ಮ ಆಫೀಸಿನಿಂದ ಮೇಲ್ ಹೋಯಿತು. ಲೇಖನದ ಮುಖ್ಯ ವೈದ್ಯರಾದ ಹಿರಿಯರು "ಅದೇನಿದ್ರೂ ಇವತ್ತೇ ಮುಗಿಸು" ಎಂದರು. ಕಾಪುವಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಬೀಡಿ ಕಟ್ಟುವ ಹೆಂಗಸು, ಹೆಬ್ಬೆಟ್ಟೇ ಇರಬೇಕು ಎಂದುಕೊಂಡು ತನ್ನ ಬೆರಳನ್ನು ಒತ್ತಿ ಹಿಂದಿನ ತಾರೀಕು ಹಾಕಿದ.

ಆ ಮೇಲ್ ಕಳಿಸಿದವಳು ನಾನು. ಎರಡು ದಿನ ಎಂಬ ಗಡುವು ಹಾಕಿದ್ದೂ ನಾನು. ಅದನ್ನು ಅವನೆದುರೇ ಹೇಳಿದೆ. ಅವನು ತಲೆಯಲ್ಲಾಡಿಸಿದ. "ಗಡುವು ನೀವು ಹಾಕಿದ್ದು ಮೇಡಂ, ಬೆರಳು ಒತ್ತಿದ್ದು ನಾನು" ಎಂದ. ತಪ್ಪು ಮಾಡಿದವರು ಕಾರಣ ಹುಡುಕುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ಸಿಕ್ಕ ಕಾರಣವನ್ನು ಹೀಗೆ ಕೈಯಾರೆ ಹಿಂದಿರುಗಿಸಿದವನನ್ನು ಕಂಡದ್ದು ಅದೇ ಮೊದಲು.

ನಿಯಮದಂತೆ ಲೇಖನವನ್ನು ಹಿಂತೆಗೆದುಕೊಂಡೆವು. ಒಪ್ಪಿಗೆ ಪತ್ರ ನಿಜವಾದದ್ದಲ್ಲ ಎಂದು ಮುಚ್ಚುಮರೆಯಿಲ್ಲದೆ ಪ್ರಕಟಿಸಿದೆವು. ಆಸ್ಪತ್ರೆಯವರು ಕಿರಿಯನ ಮೇಲೂ ಹಿರಿಯನ ಮೇಲೂ ಕ್ರಮ ಕೈಗೊಂಡರು. ಎರಡು ದಿನದ ಗಡುವನ್ನು ನಾನು ನಮ್ಮ ಪದ್ಧತಿಯಿಂದಲೇ ಕಿತ್ತುಹಾಕಿದೆ. ಇಷ್ಟನ್ನು ಹೇಳಲು ಆಚಾರ್ಯರೇ ಶಶಿಕಲಾ ಅವರಿಗೆ ಫೋನು ಮಾಡಿದರು. ನಾನು ಪಕ್ಕದಲ್ಲೇ ಇದ್ದೆ. ಆಕೆ ಎಲ್ಲ ಕೇಳಿಸಿಕೊಂಡು ಒಂದು ಪ್ರಶ್ನೆ ಕೇಳಿದರು.

"ಆ ಬರಹದಿಂದ ಯಾರಿಗಾದರೂ ಉಪಯೋಗ ಆಗಿತ್ತಾ ಡಾಕ್ಟ್ರೇ?"

ಆಚಾರ್ಯರು ಸುಳ್ಳು ಹೇಳುವವರಲ್ಲ. "ಆಗಿತ್ತಮ್ಮ. ಇಬ್ಬರು ವೈದ್ಯರು ತಮ್ಮಲ್ಲೂ ಇಂಥ ರೋಗಿ ಇದ್ದಾರೆ ಅಂತ ಬರೆದಿದ್ದರು. ನಿಮ್ಮ ತಾಯಿಗೆ ಕೊಟ್ಟ ಮುಲಾಮಿನಿಂದ ಅವರಿಗೂ ಸ್ವಲ್ಪ ಕಡಿಮೆಯಾಗಿತ್ತಂತೆ."

ಶಶಿಕಲಾ ತಮ್ಮ ಷರತ್ತು ಹೇಳಿದರು.

"ಹಾಗಾದರೆ ಪೂರಾ ತೆಗೆದುಹಾಕಬೇಡಿ. ಮತ್ತೆ ಬರೆಯಿರಿ. ಮುಖ ಬೇಡ. ಕೈ ಇರಲಿ, ಆ ಕೈಯಲ್ಲಿ ನಾಚಿಕೆಪಡುವಂಥದ್ದು ಎಂತ ಉಂಟು? ಅನಕ್ಷರಸ್ಥೆ ಅಂತ ಇರಬಾರದು. ಮತ್ತೆ, ಬರೆದದ್ದನ್ನು ಮೊದಲು ನನಗೆ ಕನ್ನಡದಲ್ಲಿ ಓದಿ ಹೇಳಬೇಕು. ಆ ಡಾಕ್ಟ್ರೇ ಬಂದು ಹೇಳಬೇಕು. ಕೇಳಿದ ಮೇಲೆ ಸಹಿ ಹಾಕುವುದೋ ಬೇಡವೋ ಅಂತ ನಾನು ಹೇಳ್ತೇನೆ."

ಆಕೆ ಪೊಲೀಸಿಗೆ ಹೋಗಬಹುದಿತ್ತು. ಆ ಹುಡುಗನ ಬದುಕನ್ನೇ ಬೀದಿಗೆ ತರಬಹುದಿತ್ತು. ಕೇಳಿದ್ದು ಮಾತ್ರ ಇದು. ಫೋನು ಇಟ್ಟ ಮೇಲೆ ಆಚಾರ್ಯರು ಕನ್ನಡಕ ಒರೆಸುತ್ತಾ ಕೂತರು.

ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ನಾನು ಕಾಪುವಿಗೆ ಹೋದಾಗ ಆ ಕಿರಿಯ ವೈದ್ಯ ಆಗಲೇ ಬಂದು ಗೇಟಿನ ಹೊರಗೆ ನಿಂತಿದ್ದ. ಒಳಗೆ ಹೋಗಲು ಧೈರ್ಯ ಸಾಲದೆ. ಜಗಲಿಯಲ್ಲಿ ಹೊಲಿಗೆ ಯಂತ್ರಗಳನ್ನು ಬದಿಗೆ ಸರಿಸಿ ಚಾಪೆ ಹಾಸಿದ್ದರು. ನೆರೆಮನೆಯ ಮೂವರು ಹೆಂಗಸರು ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಾ ಕೂತಿದ್ದರು. ಗಿರಿಜಾ ಅವರೊಂದಿಗೆ ವರ್ಷಗಟ್ಟಲೆ ಕೂತು ಕಟ್ಟಿದವರು. ವೈದ್ಯ ಮೊದಲು ಶಶಿಕಲಾ ಅವರ ಕಡೆ ತಿರುಗಿ, "ನಾನು ಮಾಡಿದ್ದು ತಪ್ಪು. ನಿಮ್ಮ ತಾಯಿಗೆ ಮಾಡಿದ ಅವಮಾನ ಅದು" ಎಂದ. ಆಕೆ "ಕೂತ್ಕೊಳ್ಳಿ" ಎಂದರು. ಕ್ಷಮಿಸಿದೆ ಎನ್ನಲಿಲ್ಲ.

ಅವನು ಓದತೊಡಗಿದ. ಒಂದೊಂದು ಇಂಗ್ಲಿಷ್ ವಾಕ್ಯ ಓದಿ, ಅದನ್ನು ಕನ್ನಡದಲ್ಲಿ ಹೇಳಿ, ಎಡವಿ, ಮತ್ತೆ ಹೇಳಿ ಮುಂದುವರಿಯುತ್ತಿದ್ದ. ಇಂಗ್ಲಿಷಿನಲ್ಲಿ ಒಂದು ಉಸಿರಿಗೆ ಮುಗಿಯುತ್ತಿದ್ದ ಪದಕ್ಕೆ ಕನ್ನಡದಲ್ಲಿ ಅರ್ಧ ಗಂಟೆ ಬೇಕಾಗುತ್ತಿತ್ತು. ಶಶಿಕಲಾ ಬಿಡುತ್ತಿರಲಿಲ್ಲ. "ಹಾಗಂದರೆ ಎಂತ?" "ಅದು ಯಾಕೆ ಹಾಗೆ?" ಹೆಂಗಸರ ಬೆರಳುಗಳು ಒಂದೇ ಸಮನೆ ಎಲೆ ಸುತ್ತುತ್ತಿದ್ದವು.

"ರೋಗಿಯ ಅಂಗೈಯಲ್ಲಿ ಬದಲಾವಣೆ ಶುರುವಾಗಿ ಎರಡು ವರ್ಷವಾಗಿತ್ತು" ಎಂದು ಅವನು ಓದಿದ.

"ಎರಡಲ್ಲ, ಆರು" ಎಂದಿತು ಒಂದು ದನಿ. ಕಲ್ಯಾಣಿ ಎಂಬ ಹಿರಿಯ ಹೆಂಗಸು. "ಎಡಗೈಯ ತೋರುಬೆರಳಲ್ಲಿ ಶುರುವಾದದ್ದು. ನೂಲು ಸುತ್ತಲಿಕ್ಕೆ ಆಗುವುದಿಲ್ಲ ಅಂತ ನನ್ನ ಹತ್ತಿರ ಕೊಡುತ್ತಿದ್ದಳು. ನಾನು ಪಕ್ಕದಲ್ಲೇ ಕೂತದ್ದಲ್ವಾ?"

ವೈದ್ಯ ಪೆನ್ನು ತೆಗೆದು ಬರೆದುಕೊಂಡ. ಮುಂದಿನ ಸಾಲು ಓದಿದ. "ಕುಟುಂಬದಲ್ಲಿ ಬೇರೆ ಯಾರಿಗೂ ಈ ಕಾಯಿಲೆ ಇಲ್ಲ."

"ಯಾರು ಹೇಳಿದ್ದು ಮಾರಾಯ? ಇವಳ ದೊಡ್ಡಮ್ಮನ ಕೈ ಹಾಗೇ ಉಂಟಲ್ಲ, ಎಲ್ಲೂರಿನಲ್ಲಿ?"

ಶಶಿಕಲಾ ತಬ್ಬಿಬ್ಬಾದರು. "ದೊಡ್ಡಮ್ಮನದ್ದು ಗದ್ದೆ ಕೆಲಸದಿಂದ ಬಂದ ದಡ್ಡು ಅಂತ ನಾವೆಲ್ಲ..."

"ಎಂಥ ದಡ್ಡು! ಗದ್ದೆ ಕೆಲಸ ಬಿಟ್ಟು ಹತ್ತು ವರ್ಷ ಆಯ್ತು, ದಡ್ಡು ಹೆಚ್ಚಾದದ್ದು ಮತ್ತೆ ಹೇಗೆ?"

ಅವನು ಕಾಗದಗಳನ್ನು ಮಡಚಿದ. ಮುಖದ ಬಣ್ಣವೇ ಬದಲಾಗಿತ್ತು. ಅಕ್ಕತಂಗಿಯರಿಬ್ಬರಿಗೂ ಇದ್ದರೆ ಅದು ರಕ್ತದಲ್ಲಿ ಬಂದದ್ದು, ಲೇಖನದ ಅರ್ಥವೇ ಬೇರೆಯಾಗುತ್ತದೆ ಎಂದು ನನಗೆ ಮೆಲ್ಲಗೆ ಹೇಳಿದ. ಆಮೇಲೆ ಎಲ್ಲರಿಗೂ ಕೇಳುವಂತೆ, "ಆಸ್ಪತ್ರೇಲಿ ನಾವು ಯಾರೂ ಇದನ್ನ ಕೇಳಲೇ ಇಲ್ಲ. ಎಲ್ಲೂರು ಇಲ್ಲಿಂದ ಎಷ್ಟು ದೂರ?" ಎಂದ.

ಊಟ ಮಾಡಿಕೊಂಡೇ ಹೋಗಬೇಕೆಂದು ಶಶಿಕಲಾ ಹಟ ಹಿಡಿದರು. ಮಧ್ಯಾಹ್ನದ ಮೇಲೆ ನಾವು ಮೂವರೂ ಆಟೋ ಹತ್ತಿದೆವು. ನನ್ನ ಕಡತದ ಕೆಲಸ ಕಾಪುವಿನಲ್ಲೇ ಮುಗಿದಿತ್ತು. ಆದರೆ ನನ್ನನ್ನು ಆಗ ಯಾರು ತಡೆದರೂ ನಾನು ನಿಲ್ಲುತ್ತಿರಲಿಲ್ಲ.

ದೊಡ್ಡಮ್ಮ ಅಂಗಳದಲ್ಲಿ ಒಣಹಾಕಿದ ಹುಣಸೆಹಣ್ಣನ್ನು ತಿರುವಿಹಾಕುತ್ತಿದ್ದರು. ಎಪ್ಪತ್ತು ದಾಟಿದವರು, ಮಾತೆಲ್ಲ ತುಳು. ದೂರದಿಂದಲೇ ಅವರ ಕೈ ಕಂಡಿತು. ವೈದ್ಯನಿಗೂ ಕಂಡಿತು, ಅವನ ನಡಿಗೆ ಚುರುಕಾಯಿತು. ಹತ್ತಿರ ಹೋದವನು ಕೈ ಚಾಚಲು ಹೊರಟು, ಏನೋ ನೆನಪಾದವನಂತೆ ಎರಡೂ ಕೈಗಳನ್ನು ಹಿಂದಕ್ಕೆ ಎಳೆದುಕೊಂಡ.

"ಅಮ್ಮ, ನಿಮ್ಮ ಕೈ ನಾನು ನೋಡಬಹುದಾ?"

ಶಶಿಕಲಾ ಅದನ್ನು ತುಳುವಿನಲ್ಲಿ ಹೇಳಿದರು. ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿ ಏನೋ ಅಂದರು. ಶಶಿಕಲಾ ನಕ್ಕುಬಿಟ್ಟರು, ಬೆಳಗಿನಿಂದ ಅವರು ನಕ್ಕದ್ದು ಅದೇ ಮೊದಲು.

"ಎಂತ ಹೇಳಿದರು?" ಎಂದು ಕೇಳಿದೆ.

"ಕೈ ಎಲ್ಲಿಗೂ ಓಡಿಹೋಗುವುದಿಲ್ಲವಂತೆ. ಬಿಸಿಲಿನಲ್ಲಿ ಬಂದಿದ್ದೀರಿ, ಮೊದಲು ಬೆಲ್ಲ ನೀರು ಕುಡಿಯಬೇಕಂತೆ. ನೋಡುವುದೋ ಬೇಡವೋ ಆಮೇಲೆ ಹೇಳ್ತಾರಂತೆ."

ವೈದ್ಯ ಜಗಲಿಯ ಅಂಚಿನಲ್ಲಿ ಕೂತು ಬೆಲ್ಲ ತಿಂದು ನೀರು ಕುಡಿದ. ಮುದುಕಿ ಹುಣಸೆಹಣ್ಣನ್ನು ಪೂರ್ತಿ ತಿರುವಿಹಾಕಿದರು, ಕೈ ತೊಳೆದರು, ಸೆರಗಿನಿಂದ ಒರೆಸಿಕೊಂಡರು. ಅಷ್ಟು ಹೊತ್ತೂ ಅವನು ಖಾಲಿ ಲೋಟ ಹಿಡಿದುಕೊಂಡು ಕಾದ. ಕೊನೆಗೆ ಅವರು ಬಂದು ಅವನ ಪಕ್ಕದಲ್ಲಿ ಕೂತು, ಅಂಗೈ ಮೇಲಾಗಿ ಎರಡೂ ಕೈಗಳನ್ನು ಅವನ ಮುಂದಿಟ್ಟು, "ತೂಲ" ಎಂದರು. ನೋಡು ಎಂದು. ಅದಕ್ಕೆ ಯಾರೂ ಕನ್ನಡ ಹೇಳಬೇಕಾಗಲಿಲ್ಲ.